ಒಂದು ಮಾತ್ರೆ ಜಾಸ್ತಿ

ಹೇಳಿಕೊಳ್ಳುವಂಥ ಅಪಘಾತವೇನೂ ಆಗಿರಲಿಲ್ಲ. ಕಳೆದ ವರ್ಷ ಜೂನ್ ತಿಂಗಳ ಒಂದು ಬೆಳಿಗ್ಗೆ. ಮೈಸೂರಿನಲ್ಲಿ ರಾತ್ರಿಯಿಡೀ ಮಳೆ ಬಂದು ನಿಂತಿತ್ತು. ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಮಾನಸಗಂಗೋತ್ರಿಗೆ ಹೋಗುವಾಗ ತಿರುವಿನಲ್ಲಿ ಸ್ಕೂಟಿ ಜಾರಿತು. ಹೆಲ್ಮೆಟ್ ಇತ್ತು. ಮೊಣಕೈ ತರಚಿತು, ಚೂಡಿದಾರ ಹರಿಯಿತು. ತಲೆ ರಸ್ತೆಗೆ ಬಡಿದದ್ದು ನಿಜ, ಆದರೆ ಎಚ್ಚರ ತಪ್ಪಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಾಡಿ ಎತ್ತಿಕೊಟ್ಟರು, ಒಬ್ಬರು ಕುಡಿಯಲು ನೀರು ಕೊಟ್ಟರು. ನಾನು ಥ್ಯಾಂಕ್ಸ್ ಹೇಳಿ, ಗಾಡಿಯ ಕನ್ನಡಿ ಸರಿಮಾಡಿಕೊಂಡು, ನೇರ ಗ್ರಂಥಾಲಯಕ್ಕೇ ಹೋದೆ. ಅವತ್ತು ಒಂದು ಅಧ್ಯಾಯದ ಅಡಿಟಿಪ್ಪಣಿ ಮುಗಿಸಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ, ಒಂದೇ ಸಾಲನ್ನು ನಾಲ್ಕನೇ ಸಲ ಓದುತ್ತಿದ್ದೇನೆ ಅಂತ ಗೊತ್ತಾಯಿತು. ಪದಗಳೆಲ್ಲ ಪರಿಚಯದವೇ. ಆದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅದರ ಮೊದಲ ಭಾಗ ಕೈಯಿಂದ ಜಾರಿರುತ್ತಿತ್ತು. ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚತೊಡಗಿತು. ಎದ್ದು ಹೊರಗೆ ಬಂದು ವಾಂತಿ ಮಾಡಿಕೊಂಡೆ. ಗೆಳತಿಯೊಬ್ಬಳು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಡಾಕ್ಟರು ಅದನ್ನು 'ಕನ್‌ಕಶನ್' ಎಂದರು. ಹೆಲ್ಮೆಟ್ ತಲೆಬುರುಡೆಯನ್ನು ಕಾಪಾಡುತ್ತದೆ, ಆದರೆ ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ಒಳಗಿನ ಮಿದುಳು ಅಲುಗುವುದನ್ನು ಪೂರ್ತಿ ತಡೆಯುವುದಿಲ್ಲ. ರಕ್ತ ಸೋರಿದ್ದರೆ, ಮೂಳೆ ಬಿರುಕು ಬಿಟ್ಟಿದ್ದರೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಮಿದುಳು ಕೆಲಸ ಮಾಡುವ ರೀತಿಯಲ್ಲಾದ ಏರುಪೇರು ಕಾಣುವುದಿಲ್ಲ. ಇಷ್ಟು ಹೇಳಿ ಅವರು ಎರಡು ದಿನ ಪೂರ್ತಿ ವಿರಾಮ ತಗೊಳ್ಳಿ, ಆಮೇಲೆ ಸ್ವಲ್ಪಸ್ವಲ್ಪವೇ ನಡೆದಾಡಿ, ಸ್ವಲ್ಪಸ್ವಲ್ಪವೇ ಓದಿ, ನೋವು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ ಎಂದರು. ಬಹಳ ಜನರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದಂತೆ.

ಕೆಲವು ವಾರಗಳು ಕಳೆದವು. ನನಗೆ ಸರಿಹೋಗಲಿಲ್ಲ.

ಹಾಸ್ಟೆಲಿನ ಪಕ್ಕದ ರೂಮಿನವರು ಬಕೆಟ್ ಇಟ್ಟರೆ ಅದು ನನ್ನ ಹಣೆಯ ಮೇಲೇ ಇಟ್ಟಂತಾಗುತ್ತಿತ್ತು. ಮೆಸ್ಸಿನ ಗದ್ದಲ ತಡೆಯಲಾಗದೆ ಊಟವನ್ನು ರೂಮಿಗೇ ತಂದುಕೊಳ್ಳುತ್ತಿದ್ದೆ. ಫೋನಿನ ಪರದೆಯನ್ನು ಎರಡು ನಿಮಿಷ ನೋಡಿದರೆ ಕಣ್ಣಿನ ಹಿಂದೆ ಯಾರೋ ಹಗ್ಗ ಬಿಗಿದ ಹಾಗೆ. ಇವನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಹೆದರಿಕೆಯಾದದ್ದು ಮಾತಿನ ವಿಷಯದಲ್ಲಿ. ಒಂದು ದಿನ ಗೆಳತಿಗೆ "ಆ ಪುಟ ಕೊಡೇ" ಎಂದೆ. ನಾನು ಕೇಳಿದ್ದು ತಟ್ಟೆ. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಕಾಲು ಮುರಿದಿದ್ದರೆ ಪ್ಲಾಸ್ಟರ್ ಇರುತ್ತಿತ್ತು, ಬಂದವರು ಅದರ ಮೇಲೆ ಹೆಸರು ಬರೆಯುತ್ತಿದ್ದರು. ನನಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ನೋಡೋಕೆ ಆರಾಮಾಗೇ ಇದ್ದೀಯಲ್ಲ!" ಆರು ತಿಂಗಳ ಪ್ರಗತಿ ವರದಿ ಕೊಡುವ ದಿನ ಹತ್ತಿರ ಬಂದಿತ್ತು. ಓದುವುದೇ ಕೆಲಸವಾಗಿರುವವಳು ಓದಲಾಗುತ್ತಿಲ್ಲ ಎಂದು ಯಾವ ಕಾಲಂನಲ್ಲಿ ಬರೆಯಬೇಕು? ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿ ತಡವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿನ್ನ ಪ್ರಬಂಧ ಎಲ್ಲಿಗೂ ಓಡಿಹೋಗಲ್ಲ. ಊರಿಗೆ ಹೋಗು. ವರದಿ ವಿಷಯ ನನಗೆ ಬಿಡು" ಎಂದರು. ಅಮ್ಮ ಬಂದು ಕರೆದುಕೊಂಡು ಹೋದಳು. ಬಸ್ಸಿನ ಕುಲುಕಾಟ ಬೇಡವೆಂದು ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ನಿಧಾನಕ್ಕೆ ಓಡಿಸುವ ಪರಿಚಯದವರ ಕಾರು.

ಇಲ್ಲಿ ನನ್ನ ಸಂಶೋಧನೆಯ ವಿಷಯ ಹೇಳಬೇಕು. ನಾನು ಕೆಲಸ ಮಾಡುತ್ತಿರುವುದು ಗಮಕದ ಮೇಲೆ. ಅಂದರೆ ಕಾವ್ಯವನ್ನು ರಾಗವಾಗಿ ಓದಿ, ಅರ್ಥ ಹೇಳಿ, ಕೂತವರಿಗೆ ಮುಟ್ಟಿಸುವ ನಮ್ಮ ಹಳೆಯ ಕ್ರಮದ ಮೇಲೆ. ಮಳೆ ಬಾರದೆ ಹೋದರೆ ವಿರಾಟಪರ್ವ ಓದಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಬಲ್ಲವರಾಗಿದ್ದದ್ದು ಹೀಗೆ ಕೇಳಿಯೇ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾನು ಅದನ್ನು ಪ್ರಸ್ತಾವನೆಯಲ್ಲಿ ಸೇರಿಸಿ ಖುಷಿಪಟ್ಟಿದ್ದೆ. ಪ್ರಾಸದ ಬಗ್ಗೆಯೇ ಹದಿನೆಂಟು ಪುಟ ಬರೆದಿದ್ದೆ. ಗಮಕದ ಧ್ವನಿಮುದ್ರಿಕೆಗಳನ್ನೂ ಕೇಳುತ್ತಿದ್ದೆ, ಆದರೆ ಒಂದೂವರೆ ಪಟ್ಟು ವೇಗದಲ್ಲಿ. ಸಮಯ ಉಳಿಯುತ್ತಿತ್ತು.

ಎಂ.ಎ. ಓದುವಾಗ ಪದ್ಯ ಬರೆಯುತ್ತಿದ್ದೆ. ಒಂದೆರಡು ಅಚ್ಚಾಗಿಯೂ ಇದ್ದವು. ಪಿಎಚ್‌.ಡಿ.ಗೆ ಸೇರಿದ ಮೇಲೆ ಅದು ತಾನಾಗಿಯೇ ನಿಂತಿತ್ತು. ಯಾರೂ ಬೇಡ ಎಂದಿರಲಿಲ್ಲ. ಕಾವ್ಯದ ಬಗ್ಗೆ ಬರೆಯುವುದರಲ್ಲಿ ಕಾವ್ಯಕ್ಕೆ ಪುರುಸೊತ್ತು ಸಿಗಲಿಲ್ಲ, ಅಷ್ಟೇ.

ಊರಿನಲ್ಲಿ ಜುಲೈ ತಿಂಗಳ ಮಳೆ. ಮೋಡದ ಮಬ್ಬು ಬೆಳಕು ಕಣ್ಣಿಗೆ ಹಿತವಾಗಿತ್ತು. ಅಮ್ಮ ಮಿಕ್ಸಿ ಮುಟ್ಟದೆ ಒರಳಿನಲ್ಲೇ ಚಟ್ನಿ ರುಬ್ಬುತ್ತಿದ್ದಳು. ಅಪ್ಪ ಕೊಳೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದರೂ ಜಗಲಿಗೆ ಬಂದವರೊಡನೆ ಪಿಸುಮಾತಿನಲ್ಲೇ ಮಾತಾಡುತ್ತಿದ್ದ. ಒಂದು ಸಂಜೆ ದೊಡ್ಡಪ್ಪ ಬಂದರು. ಪ್ರೈಮರಿ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಗಣಪತಿ ಪೆಂಡಾಲಿನಲ್ಲಿ ಮೈಕಿಲ್ಲದೆ ಭಾರತ ಓದುತ್ತಿದ್ದ ಗಂಟಲು ಅವರದು. ನಾನು ಗಮಕವನ್ನು ವಿಷಯವಾಗಿ ಆರಿಸಿಕೊಂಡದ್ದೇ ಅವರ ದೆಸೆಯಿಂದ. ಆದರೆ ಮೂರು ವರ್ಷಗಳಲ್ಲಿ ಅವರ ಎದುರು ಕೂತು ಒಂದು ಪದ್ಯ ಕೇಳಿರಲಿಲ್ಲ.

"ಎಂತ ಮಾಡ್ತಿದ್ದೀ ಮಗಾ ಇಡೀ ದಿನ?"

"ಎಂತ ಇಲ್ಲ ದೊಡ್ಡಪ್ಪ. ಓದೋಕಾಗಲ್ಲ, ಬರಿಯೋಕಾಗಲ್ಲ."

"ಕೇಳೋಕಾಗ್ತದಾ?"

ಗೊತ್ತಿಲ್ಲ ಎಂದೆ. ಅವರು ರಟ್ಟು ಕಿತ್ತುಹೋದ ತಮ್ಮ ಭಾರತ ತಂದು ಮೊದಲ ಪದ್ಯ ಎತ್ತಿದರು. ಆ ಗಂಟಲಿಗೆ ನಾನು ಎರಡೂ ಕಿವಿ ಮುಚ್ಚಿಕೊಂಡೆ. ಪಾಪ, ಅವರ ಮುಖ ಸಪ್ಪಗಾಯಿತು. ಮಾರನೆಯ ದಿನ ಮತ್ತೆ ಬಂದರು. ಈ ಸಲ ಓದಿದ್ದು ಮಗು ಮಲಗಿಸುವಾಗ ಗುನುಗುತ್ತಾರಲ್ಲ, ಅಷ್ಟು ಸಣ್ಣಗೆ. ಒಂದು ಪದ್ಯ ಓದಿದರು, ಅರ್ಥ ಹೇಳಿದರು, ಮತ್ತೆ ಅದೇ ಪದ್ಯ ಓದಿದರು. "ಇವತ್ತಿಗೆ ಸಾಕು" ಎಂದು ಎದ್ದುಹೋದರು.

ಆ ಒಂದು ಪದ್ಯ ನನ್ನಲ್ಲಿ ಉಳಿಯಿತು.

ಯಾಕೆ ಉಳಿಯಿತು ಎಂದು ಮಲಗಿಕೊಂಡೇ ಯೋಚಿಸಿದೆ. ಕುಮಾರವ್ಯಾಸನದು ಭಾಮಿನಿ ಷಟ್ಪದಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಮೂರನೆಯದು ಮತ್ತು ಆರನೆಯದು ಉದ್ದ, ತಲಾ ಇಪ್ಪತ್ತಮೂರು. ಎಲ್ಲ ಸೇರಿ 102. ಆರೂ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನ. ಇದನ್ನೆಲ್ಲ ನಾನು ಪಿಯುಸಿಯಿಂದ ಬಲ್ಲೆ. ಬಲ್ಲೆನೇ ಹೊರತು ಅದರ ಸಹಾಯ ಪಡೆದಿರಲಿಲ್ಲ. ಈಗ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆಯುವ ತಲೆಗೆ, ಆ ಎರಡನೆಯ ಅಕ್ಷರ ದನ ಕಟ್ಟುವ ಗೂಟದ ಹಾಗೆ ಸಿಕ್ಕಿತು. ಎಲ್ಲಿ ಅಲೆದರೂ ಮುಂದಿನ ಸಾಲು ಮತ್ತೆ ಅದೇ ಗೂಟಕ್ಕೆ ತಂದು ಕಟ್ಟುತ್ತಿತ್ತು. ಎರಡು ಗಿಡ್ಡ ಸಾಲು, ಒಂದು ಉದ್ದದ್ದು. ಉದ್ದದ್ದರ ಕೊನೆಯಲ್ಲಿ ದೊಡ್ಡಪ್ಪ ನಿಲ್ಲುತ್ತಿದ್ದರು. ಆ ನಿಲುಗಡೆಯಲ್ಲಿ ನಾನೂ ಉಸಿರು ಬಿಡುತ್ತಿದ್ದೆ. ನನ್ನ ಹದಿನೆಂಟು ಪುಟಗಳಲ್ಲಿ ಪ್ರಾಸದ ವಿಧಗಳೆಲ್ಲ ಇದ್ದವು, ಅದು ಕೇಳುವವರ ಕಿವಿಗಾಗಿ ಇರುವುದು ಎಂಬ ಸಾದಾ ಮಾತೊಂದು ಇರಲಿಲ್ಲ.

ದಿನಕ್ಕೊಂದು ಪದ್ಯ ಎಂದು ಶುರುವಾದದ್ದು ಆಗಸ್ಟಿನ ಹೊತ್ತಿಗೆ ಐದಾಯಿತು, ಆಮೇಲೆ ಹತ್ತು. ವಿರಾಟಪರ್ವಕ್ಕೆ ಬಂದೆವು. ಉತ್ತರಕುಮಾರ ಹೆಂಗಸರ ನಡುವೆ ಕೂತು ಕೌರವರನ್ನು ಒಬ್ಬನೇ ಮುಗಿಸಿಬಿಡುತ್ತೇನೆಂದು ಕೊಚ್ಚಿಕೊಳ್ಳುವುದು, ರಣರಂಗದಲ್ಲಿ ಆ ಸೇನೆಯನ್ನು ಕಂಡದ್ದೇ ರಥದಿಂದ ಹಾರಿ ಓಡುವುದು, ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದು ತರುವುದು. ನನಗೆ ನಗು ತಡೆಯಲಾಗಲಿಲ್ಲ, ನಕ್ಕರೆ ತಲೆ ನೋಯುತ್ತಿತ್ತು, ಆದರೂ ನಕ್ಕೆ. ಮೂರು ವರ್ಷಗಳಿಂದ "ಮುಂದಿನ ತಿಂಗಳು ಖಂಡಿತ ಅಧ್ಯಾಯ ಕಳಿಸುತ್ತೇನೆ" ಎಂದು ಮಾರ್ಗದರ್ಶಕರಿಗೆ ಇಮೇಲ್ ಬರೆದ ಉತ್ತರಕುಮಾರಿ ನಾನೇ ಅಲ್ಲವೇ? ದೊಡ್ಡಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು. "ಬಿದ್ದಮೇಲೆ ಇವತ್ತೇ ನೀನು ನಕ್ಕಿದ್ದು" ಎಂದರು.

ಓದುವುದೂ ನಿಧಾನಕ್ಕೆ ಬಂತು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಐದು ನಿಮಿಷ, ನಂತರ ಅಂಗಳದಲ್ಲಿ ನಡಿಗೆ. ಒಂದು ವಾರ ಏಳು ನಿಮಿಷ. ಒಂದು ದಿನ ಆಸೆಗೆ ಬಿದ್ದು ಅರ್ಧ ಗಂಟೆ ಓದಿ, ಮುಂದಿನ ಎರಡು ದಿನ ಕತ್ತಲೆ ಕೋಣೆಯಲ್ಲಿ ಕಳೆದೆ. ಬುದ್ಧಿ ಬಂತು ಅನ್ನಲಾರೆ. ಅದೇ ತಪ್ಪನ್ನು ಮತ್ತೆ ಎರಡು ಸಲ ಮಾಡಿದೆ.

ಈ ನಡುವೆ ಯಾರಿಗೂ ಹೇಳದೆ ಒಂದು ಕೆಲಸ ಶುರುಮಾಡಿದ್ದೆ. ಪರದೆ ನೋಡುವಂತಿಲ್ಲ, ಕಾಗದದ ಮೇಲೆ ಹೆಚ್ಚು ಬರೆಯುವಂತಿಲ್ಲ. ಆದರೆ ಬೆರಳೆಣಿಸಲು ಕಣ್ಣು ಬೇಕಿಲ್ಲ. ಮಲಗಿಕೊಂಡು, ಹಂಚಿನ ಮೇಲೆ ಬೀಳುವ ಮಳೆ ಕೇಳುತ್ತಾ, ನನ್ನದೇ ಒಂದು ಷಟ್ಪದಿ ಕಟ್ಟತೊಡಗಿದೆ. ಮೊದಲ ಎರಡು ಸಾಲು ಬಂದದ್ದು ಹೀಗೆ:

ಮಳೆಯ ಹನಿಗಳು ಹಳೆಯ ಹಂಚಲಿ
ಒಳಗೆ ಮಲಗಿದ ಕಿವಿಗೆ ತಾಕಲು

ಮಹಾಕಾವ್ಯವೇನಲ್ಲ. ಆದರೆ ಎರಡನೆಯ ಸಾಲು ಬಂದಾಗ ಎದೆ ಹೊಡೆದುಕೊಂಡದ್ದು ನೆನಪಿದೆ. 'ಒಳಗೆ' ಎಂಬ ಪದ ನಾನು ಕರೆಯದೆ, ಗೂಟ ನೋಡಿಕೊಂಡು ತಾನೇ ನಡೆದು ಬಂದಿತ್ತು. ತಟ್ಟೆಗೆ ಪುಟ ಎಂದಿದ್ದ ಬಾಯಿ ಇದು. ಬೇಕಾದ ಪದ ಬೇಕಾದ ಜಾಗಕ್ಕೆ ಬರುವುದೆಂದರೆ ಎಂಥ ಸುಖ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಪ್ರತಿದಿನ ನಡೆಯುವ ಪವಾಡವನ್ನು ಯಾರು ಲೆಕ್ಕಕ್ಕಿಡುತ್ತಾರೆ? ಆರು ಸಾಲಿಗೆ ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ಅಮ್ಮನ ಬಳಿ ಪೆನ್ನು ಕೇಳಿ ಬರೆದಿಟ್ಟೆ. ಮೂರು ವರ್ಷಗಳ ನಂತರ ಬರೆದ ಮೊದಲ ಪದ್ಯ.

ಸಂಜೆ ದೊಡ್ಡಪ್ಪನಿಗೆ ಓದಿದೆ. ಅವರು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತಾ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಒಂದು ಮಾತ್ರೆ ಜಾಸ್ತಿಯಾಗಿದೆ."

ಅಡಿಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಎಷ್ಟು ತಗೊಂಡ್ಯೇ? ಬೆಳಿಗ್ಗೆದೂ ಸೇರಿ ಎರಡೇ ಅಲ್ದಾ ಡಾಕ್ಟರು ಹೇಳಿದ್ದು?"

ನಾನೂ ದೊಡ್ಡಪ್ಪನೂ ಎಷ್ಟು ನಕ್ಕೆವೆಂದರೆ, ಅಮ್ಮನಿಗೆ ವಿಷಯ ತಿಳಿಸಲು ಐದು ನಿಮಿಷ ಬೇಕಾಯಿತು. ಅವತ್ತು ನಕ್ಕರೂ ತಲೆ ಅಷ್ಟು ನೋಯಲಿಲ್ಲ.

ತಪ್ಪು ಇದ್ದದ್ದು ಐದನೆಯ ಸಾಲಿನಲ್ಲಿ. ನಾನು ಬರೆದಿದ್ದೆ: 'ಕಳೆದ ಮಾತುಗಳೆಲ್ಲ ಮರಳಿದವು.' ಎಣಿಸಿದರೆ ಹದಿನೈದು. ಹೌದು, ಒಂದು ಜಾಸ್ತಿ. ಬೇರೆ ದಿನವಾಗಿದ್ದರೆ ಇಂಥ ತಪ್ಪು ಕಂಡು 'ಪೆಟ್ಟು ಬಿದ್ದ ತಲೆಯ ಕೆಲಸ' ಎಂದು ಕುಸಿಯುತ್ತಿದ್ದೆ. ಆದರೆ ದೊಡ್ಡಪ್ಪ ಅದನ್ನು ಕಾಯಿಲೆಯ ಲಕ್ಷಣದ ಹಾಗೆ ಹೇಳಲಿಲ್ಲ. ಪದ್ಯ ಬರೆಯುವ ಯಾರಿಗಾದರೂ ಹೇಳುವ ಹಾಗೆ ಹೇಳಿದರು. ಎಷ್ಟೋ ವಾರಗಳ ನಂತರ ಒಬ್ಬರು ನನ್ನನ್ನು ರೋಗಿಯಾಗಿ ನೋಡದೆ ಬರೆಯುವವಳಾಗಿ ತಿದ್ದುತ್ತಿದ್ದರು.

"ಹಾಗಾದ್ರೆ ಎಂತ ಹಾಕ್ಲಿ ದೊಡ್ಡಪ್ಪ?"

"'ಮರಳಲಿ' ಅಂತ ಹಾಕು. ಸರಿಯಾಗಿ ಕೂರ್ತದೆ."

ಬೆರಳೆಣಿಸಿ ನೋಡಿದೆ. ಹದಿನಾಲ್ಕು.

ಸೆಪ್ಟೆಂಬರ್ ಕೊನೆಗೆ ಮೈಸೂರಿಗೆ ಮರಳಿದೆ. ಪ್ರಬಂಧಕ್ಕೆ ಹೆಚ್ಚಿನ ಅವಧಿ ಕೇಳಿ ಅರ್ಜಿ ಕೊಟ್ಟಿದ್ದೇನೆ. ಈಗ ಒಮ್ಮೆಗೆ ನಲವತ್ತು ನಿಮಿಷ ಓದಬಲ್ಲೆ. ಆಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು. ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡಿಕೊಂಡು ಬರುತ್ತೇನೆ. ಧ್ವನಿಮುದ್ರಿಕೆಗಳನ್ನು ಅವುಗಳ ವೇಗದಲ್ಲೇ ಕೇಳುತ್ತೇನೆ. ಮೊದಲಿನಷ್ಟು ಕೆಲಸ ಆಗುವುದಿಲ್ಲ. ಗದ್ದಲದ ಸಭೆಗಳಿಗೆ ಈಗಲೂ ಹೋಗಲಾರೆ. ಸಂಜೆ ಹೊತ್ತಿಗೆ ಒಮ್ಮೊಮ್ಮೆ ಮಾತಿನ ಮಧ್ಯೆ ಪದವೊಂದು ಸಿಗದೆ ನಿಂತುಬಿಡುತ್ತೇನೆ. ಎದುರಿಗಿದ್ದವರು ಕಾಯುತ್ತಾರೆ. ನಾನೂ ಕಾಯುತ್ತೇನೆ.

ರಾತ್ರಿ ಮಲಗುವ ಮುಂಚೆ ದೀಪ ಆರಿಸಿ, ಬೆರಳೆಣಿಸುತ್ತಾ ಇನ್ನೊಂದು ಪದ್ಯ ಕಟ್ಟುವುದು ರೂಢಿಯಾಗಿದೆ. ಮೊದಲ ಪದ್ಯದ ಚೀಟಿ ಮೇಜಿನ ಎದುರಿನ ಗೋಡೆಯ ಮೇಲಿದೆ. ಐದನೆಯ ಸಾಲಿನ ಕೊನೆಯ ಪದಕ್ಕೆ ಗೀಟು ಎಳೆದು, ಪಕ್ಕದಲ್ಲಿ ದೊಡ್ಡಪ್ಪನ ಕೈಬರಹದಲ್ಲಿ ತಿದ್ದಿದ ಪದ: ಮರಳಲಿ.