ನಾಲಿಗೆಯ ಮೇಲೆ ಕರಗುವ ಗುಳಿಗೆ



ನಿಮ್ಮ ಮನೆಯ ಹಿರಿಯರು ಗುಳಿಗೆ ನುಂಗುವುದನ್ನು ಎಂದಾದರೂ ಪಕ್ಕದಲ್ಲಿ ಕುಳಿತು ನೋಡಿದ್ದೀರಾ? ಅಂಗೈಯಲ್ಲಿ ಅದನ್ನು ಉರುಳಿಸುತ್ತಾರೆ, ಒಂದು ಲೋಟ ನೀರು ಸಾಲದೆ ಇನ್ನೊಂದು ಕೇಳುತ್ತಾರೆ, ಕಡೆಗೆ ಗಂಟಲಲ್ಲೇ ನಿಂತಿತೆಂದು ಎದೆ ನೀವಿಕೊಳ್ಳುತ್ತಾರೆ. ನಾವು ಆಚೆ ತಿರುಗಿದೊಡನೆ ಕೆಲವರು ಅದನ್ನು ದಿಂಬಿನಡಿ ಸರಿಸುವುದೂ ಉಂಟು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ರೋಗಿಗಳ ಮನೆಗಳಿಗೆ ಹೋದಾಗ ನಾನಿದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಸೊಸೆಯಂದಿರ ಉಪಾಯವೆಂದರೆ ಗುಳಿಗೆಯನ್ನು ಕುಟ್ಟಿ ಜೋಳದ ಅಂಬಲಿಯಲ್ಲಿ ಕಲಸಿ ಕುಡಿಸುವುದು. ಪ್ರೀತಿಯಿಂದ ಮಾಡುವ ಈ ಕೆಲಸ ಎಲ್ಲ ಗುಳಿಗೆಗಳಿಗೂ ಸಲ್ಲದು. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೈಗೂಡಬೇಕಾದ ಔಷಧವನ್ನು ಕುಟ್ಟಿದರೆ ಅದಷ್ಟೂ ಒಮ್ಮೆಲೇ ರಕ್ತಕ್ಕೆ ಸೇರಿಬಿಡಬಹುದು.

ಇಂಥವರಿಗೆಂದೇ ಬಾಯಿಯಲ್ಲಿ ಕರಗುವ ಗುಳಿಗೆಗಳಿವೆ. ವಾಂತಿ, ಸೆಳೆತ, ಮನೋರೋಗ ಮುಂತಾದವುಗಳ ಕೆಲವು ಔಷಧಗಳು ಈ ರೂಪದಲ್ಲಿ ದೊರೆಯುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ನೀಡಿದ ಮಾರ್ಗಸೂಚಿಯಂತೆ ಇವು ಸುಮಾರು 30 ಸೆಕೆಂಡುಗಳೊಳಗೆ ಬಾಯಿಯಲ್ಲಿ ಬಿರಿಯಬೇಕು. ತೂಕ 500 ಮಿಲಿಗ್ರಾಂ ಮೀರಬಾರದು. ಸುಸಲಾ ಮಾಡುವ ನಮ್ಮ ತಾಯಂದಿರಿಗೆ ಇದರ ಗುಟ್ಟು ಹೊಸದಲ್ಲ. ಚುರುಮುರಿ ನೀರು ಕಂಡೊಡನೆ ಮೆತ್ತಗಾಗುವಂತೆ ಈ ಗುಳಿಗೆಯೂ ಜೊಲ್ಲನ್ನು ಹೀರಿಕೊಂಡು ಸಡಿಲವಾಗುತ್ತದೆ. ಕಹಿ ತಿಳಿಯದಿರಲೆಂದು ಸಿಹಿಯನ್ನೂ ಪರಿಮಳವನ್ನೂ ಬೆರೆಸಿರುತ್ತಾರೆ.

ಆದರೆ ನಾಲಿಗೆ ಒಪ್ಪಿದ್ದನ್ನು ಮನಸ್ಸು ಒಪ್ಪಬೇಕಲ್ಲ! ಜೇವರ್ಗಿ ಕಡೆಯ ಒಂದು ಮನೆಯಲ್ಲಿ ಪಾರ್ಶ್ವವಾಯು ಬಡಿದ ಆಯಿಯೊಬ್ಬರಿದ್ದಾರೆ. ಸೆಳೆತ ಬಾರದಿರಲೆಂದು ವೈದ್ಯರು ಅವರಿಗೆ ಇಂಥ ಗುಳಿಗೆ ಬರೆದಿದ್ದರು. ಆಯಿ ಅದನ್ನು ಚಪ್ಪರಿಸಿ, "ಇದು ಪೆಪ್ಪರ್‌ಮಿಂಟ್ ಇದ್ದಂಗ ಅದ. ನೀರು ಬ್ಯಾಡ, ಕಹಿ ಇಲ್ಲ. ಇದರಾಗ ಔಷಧ ಎಲ್ಲಿ ಅದವಾ?" ಎಂದು ಸೊಸೆಯನ್ನು ಕೇಳಿದರು. ಬೇವಿನ ಕಷಾಯ ಕುಡಿದು ಜ್ವರ ಬಿಡಿಸಿಕೊಂಡ ತಲೆಮಾರಿಗೆ ಕಹಿಯೇ ಔಷಧದ ಗುರುತು. ಆ ಪ್ರಶ್ನೆ ನನಗೆ ನಗೆಪಾಟಲೆನಿಸಲಿಲ್ಲ.

ನಿಜವಾದ ತೊಡಕು ಬಂದದ್ದು ಗುರುಗಳು ಮನೆಗೆ ಪರಮಪ್ರಸಾದ ತರುವ ದಿನ. ಸಿಹಿ ಬಾಯಿಗಿಟ್ಟುಕೊಂಡು ಸ್ವಾಮಿಯನ್ನು ಸ್ವೀಕರಿಸುವುದು ಹೇಗೆಂದು ಆಯಿ ತುಟಿ ಬಿಗಿದು ಕುಳಿತರು. "ಅತ್ತೀ, ಇದು ಗುಳಿಗಿರಿ, ಫಳಾರ ಅಲ್ಲ," ಎಂದು ಸೊಸೆ ಅಂಗಲಾಚಿದರೂ ಕೇಳಲಿಲ್ಲ. ಸೆಳೆತದ ಔಷಧ ಹೊತ್ತು ತಪ್ಪುವುದು ಸಣ್ಣ ಮಾತಲ್ಲ.

ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟದ ಹಿಂದಿನ ಕಟ್ಟಳೆಯನ್ನು ಆಯಿ ತಮ್ಮ ತಾಯಿಯಿಂದ ಕಲಿತಿದ್ದರು. 1950ರ ದಶಕದಲ್ಲೇ ಸಡಿಲಗೊಂಡ ಆ ಉಪವಾಸವನ್ನು ವಿಶ್ವಗುರು ಆರನೆಯ ಪೌಲರು 1964ರಲ್ಲಿ ಒಂದು ಗಂಟೆಗೆ ಇಳಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿಯು ನೀರು ಮತ್ತು ಔಷಧಗಳನ್ನು ಆ ಒಂದು ಗಂಟೆಯಿಂದಲೂ ಹೊರಗಿಟ್ಟಿದೆ. ವೃದ್ಧರು, ರೋಗಿಗಳು ಮತ್ತು ಅವರ ಶುಶ್ರೂಷೆ ಮಾಡುವವರಂತೂ ಏನಾದರೂ ಸೇವಿಸಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಗುರುಗಳು ಹಾಸಿಗೆಯ ಬಳಿ ಕುಳಿತು ಇದನ್ನು ತಿಳಿಸಿದ ಮೇಲೆಯೇ ಆಯಿ ಬಾಯಿ ತೆರೆದರು. ಗುಳಿಗೆ ಕರಗುವವರೆಗೆ ಗುರುಗಳು ಕಾದರು. ಅದುವರೆಗೆ ಆಯಿಗೆ ಔಷಧದ ಹೆಸರು, ಹೊತ್ತು ಎಲ್ಲವನ್ನೂ ಹೇಳಿದವರಿದ್ದರು. ಅದನ್ನು ಏಕೆ ಒಲ್ಲಿರೆಂದು ಕೇಳಿದವರಿರಲಿಲ್ಲ.

ಈ ಗುಳಿಗೆಗಳಿಗೆ ತೇವವಾಗದು. ಒಣಗಿದ ಕೈಯಿಂದ, ಬೇಕಾದಾಗಲಷ್ಟೇ, ಹಾಳೆಯನ್ನು ಸುಲಿದು ಹೊರತೆಗೆಯಿರಿ. ಬಲವಾಗಿ ಒತ್ತಿದರೆ ಪುಡಿಯಾದೀತು. ನಮ್ಮ ಬೇಸಗೆಯಲ್ಲಿ ಹಿರಿಯರ ಬಾಯಿ ಒಣಗಿರುತ್ತದೆ, ಮೊದಲು ಗುಟುಕು ನೀರಿನಿಂದ ಬಾಯಿ ಒದ್ದೆ ಮಾಡಿಸಬೇಕು. ಪಾರ್ಶ್ವವಾಯು ಆದವರು ಜೊಲ್ಲನ್ನಾದರೂ ಸರಾಗವಾಗಿ ನುಂಗಬಲ್ಲರೇ ಎಂಬುದನ್ನು ವೈದ್ಯರೇ ಪರೀಕ್ಷಿಸಬೇಕು, ಏಕೆಂದರೆ ಕರಗಿದ ಔಷಧವೂ ಸಾಮಾನ್ಯವಾಗಿ ಹೊಟ್ಟೆಗೇ ಇಳಿಯಬೇಕು. ಎದೆನೋವಿಗೆ ನಾಲಿಗೆಯ ಕೆಳಗಿಡುವ ಗುಳಿಗೆಯ ಮಾತು ಬೇರೆ. ಅದು ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ, ನುಂಗಬಾರದು.

ಇನ್ನೊಂದು ಮಾತು. ಹಿರಿಯರನ್ನು ಒಪ್ಪಿಸುವ ಆತುರದಲ್ಲಿ ಇದನ್ನು ಮಕ್ಕಳೆದುರು ಪೆಪ್ಪರ್‌ಮಿಂಟ್ ಎಂದು ಕರೆಯಬೇಡಿ. ಆಯಿಯ ಮನೆಯಲ್ಲಿ ಗುಳಿಗೆಯ ಡಬ್ಬಿ ಈಗ ತಿರುಹೃದಯದ ಪಟದ ಮೇಲಿನ ಗೂಡಿನಲ್ಲಿದೆ. ನಾಲ್ಕು ವರ್ಷದ ಮರಿಮೊಮ್ಮಗ ಸ್ಟೂಲ್ ಹತ್ತಿದರೂ ಅವನ ಕೈಗೆ ಎಟುಕುವುದಿಲ್ಲ.