ರೈಫಲ್ಲೋ, ಪಿಸ್ತೂಲೋ?

ಗೆಳತಿಯರೇ, ಮಕ್ಕಳಿಗೆ ಸಂಗೀತ ಕಲಿಸಬೇಕೆಂದರೆ ವೀಣೆಯೋ, ಪಿಟೀಲೋ ಎಂದು ನಾವು ನಾಲ್ಕು ಜನರನ್ನು ಕೇಳುತ್ತೇವೆ. ಹೊಲಿಗೆ ಮಿಷನ್ ಕೊಳ್ಳುವಾಗ ಕೈಯದೋ, ಕಾಲಿನದೋ ಎಂದು ವಾರಗಟ್ಟಲೆ ಯೋಚಿಸುತ್ತೇವೆ. ಆದರೆ ಮಗಳು ಬಂದು “ನಾನು ಶೂಟಿಂಗ್ ಕಲೀತೀನಿ” ಎಂದರೆ ಯಾರನ್ನು ಕೇಳೋಣ? ಸಿನಿಮಾ ಶೂಟಿಂಗ್ ಅಲ್ಲ ಮತ್ತೆ, ಗುರಿಯಿಟ್ಟು ಹೊಡೆಯುವ ಶೂಟಿಂಗ್! ಈ ಆಟ ಈಗ ಬೆಂಗಳೂರಿನಲ್ಲಷ್ಟೇ ಉಳಿದಿಲ್ಲ, ನಮ್ಮಂಥ ಸಣ್ಣ ಊರುಗಳ ಹತ್ತಿರಕ್ಕೂ ಬಂದಿದೆ. ಸೇರಿಸುವುದು ಸುಲಭ. ಸೇರಿಸಿದ ಮೇಲೆ “ಯಾವ ವಿಭಾಗ? ಯಾವ ಸಾಮಾನು?” ಎಂಬ ಪ್ರಶ್ನೆ ಬರುತ್ತದೆ ನೋಡಿ, ಅದು ಸುಲಭವಲ್ಲ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಬಂದಾಗ ನಾನು ತಿಳಿದುಕೊಂಡದ್ದು ನಿಮಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

2024ರ ಜುಲೈನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲ್ ಹಿಡಿದು ಎರಡು ಕಂಚು ಗೆದ್ದಳಲ್ಲ, ಒಂದು ತಾನೊಬ್ಬಳೇ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆಗೂಡಿ, ಅದನ್ನು ನಮ್ಮ ಮಗಳು ಟಿ.ವಿ.ಯಲ್ಲಿ ಕಣ್ಣು ಮಿಟುಕಿಸದೆ ನೋಡಿದಳು. ಆಗ ಅವಳಿಗೆ ಹದಿಮೂರು. ಅದೇ ಮನು 2021ರಲ್ಲಿ ಟೋಕಿಯೋದಲ್ಲಿ ಆಡುವಾಗ ಪಿಸ್ತೂಲು ನಡುವೆಯೇ ಕೆಟ್ಟು, ರಿಪೇರಿಯಲ್ಲಿ ಅಮೂಲ್ಯ ನಿಮಿಷಗಳು ಹೋಗಿ, ಫೈನಲ್ ತಪ್ಪಿತ್ತು. ಸಾಮಾನು ಕೈ ಕೊಟ್ಟರೂ ಎದೆಗುಂದದೆ ಮತ್ತೆ ನಿಂತಳಲ್ಲ ಎಂದು ನನಗೂ ಮೆಚ್ಚುಗೆಯಾಯಿತು. ಆ ವರ್ಷದ ದಸರಾ ರಜೆಯಲ್ಲಿ ಮಗಳನ್ನು ಜಿಲ್ಲಾ ಕೇಂದ್ರದ ತರಬೇತಿ ಶಾಲೆಗೆ ಸೇರಿಸಿದೆವು. ವಾರಕ್ಕೆ ಎರಡು ದಿನ, ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ನಮ್ಮತ್ತೆಗೆ ಮಾತ್ರ ಇದು ಹಿಡಿಸಲಿಲ್ಲ. “ಹೆಣ್ಣುಮಗು ಕೈಗೆ ಬಂದೂಕು ಕೊಡ್ತೀಯಲ್ಲೇ, ನಾಳೆ ನೋಡೋಕೆ ಬಂದೋರು ಏನಂದಾರು?” ಅಂದರು. ನಾನು ವಾದ ಮಾಡಲಿಲ್ಲ. ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಜೊಹ್ರಿ ಎಂಬ ಹಳ್ಳಿಯ ಚಂದ್ರೋ ತೋಮರ್ ಕಥೆ ಹೇಳಿದೆ. ಆಕೆ ಮೊಮ್ಮಗಳನ್ನು ತರಬೇತಿಗೆ ಕರೆದುಕೊಂಡು ಹೋದ ಅಜ್ಜಿ. ಅರವತ್ತೈದು ದಾಟಿದ ಮೇಲೆ ತಾನೇ ಪಿಸ್ತೂಲು ಹಿಡಿದಳು. ಮನೆಯವರಿಗೆ ಕಾಣದ ಹಾಗೆ, ನೀರು ತುಂಬಿದ ಜಗ್ಗನ್ನು ಚಾಚಿದ ಕೈಯಲ್ಲಿ ಹಿಡಿದು ತೋಳು ಗಟ್ಟಿ ಮಾಡಿಕೊಂಡಳಂತೆ. 2021ರಲ್ಲಿ ಆಕೆ ತೀರಿಕೊಂಡಾಗ ದೇಶವೇ ‘ಶೂಟರ್ ದಾದಿ’ ಎಂದು ನೆನೆಯಿತು. ಆಕೆಯ ಮೇಲೆ 2019ರಲ್ಲಿ ಹಿಂದಿ ಸಿನಿಮಾ ಕೂಡ ಬಂದಿತ್ತು. ಅತ್ತೆ ಕೇಳಿಸಿಕೊಂಡು ಸುಮ್ಮನಾದರು. ಮಾರನೆಯ ದಿನ ನೋಡಿದರೆ, ಹಿತ್ತಲಲ್ಲಿ ಮೊಮ್ಮಗಳ ಕೈಗೆ ತಂಬಿಗೆ ಕೊಟ್ಟು “ತುಳುಕಬಾರದು, ಹಿಡಿ” ಅನ್ನುತ್ತಿದ್ದಾರೆ!

ಈಗ ವಿಭಾಗಗಳ ಮಾತಿಗೆ ಬರೋಣ. ಮಕ್ಕಳು ಆಡುವುದು ಗಾಳಿಯ ಬಂದೂಕಿನಲ್ಲಿ, ಹತ್ತು ಮೀಟರ್ ದೂರದಿಂದ. ಸಿಡಿಮದ್ದು ಇಲ್ಲ. ಕೊಳವೆಯಲ್ಲಿ ಒತ್ತಿ ತುಂಬಿದ ಗಾಳಿಯೇ ಗುಂಡನ್ನು ದೂಡುತ್ತದೆ. ಗುಂಡು ಸೀಸದ್ದು, 4.5 ಮಿಲಿಮೀಟರ್ ದಪ್ಪ, ನಡು ಸಣ್ಣಗಿರುವ ಪುಟ್ಟ ಡಮರುಗದ ಹಾಗೆ. ಶಾಲಾ ಮಟ್ಟದ ಸ್ಪರ್ಧೆಗಳಲ್ಲಿ ಓಪನ್ ಸೈಟ್ ರೈಫಲ್, ಪೀಪ್ ಸೈಟ್ ರೈಫಲ್, ಪಿಸ್ತೂಲ್ ಎಂದು ಮೂರು ಬೇರೆ ಬೇರೆ ವಿಭಾಗಗಳಿವೆ.

ಓಪನ್ ಸೈಟ್ ಎಂದರೆ ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊಳೆ, ಎರಡನ್ನೂ ಬರಿಗಣ್ಣಿನಿಂದ ಸರಿಹೊಂದಿಸಿ ಗುರಿ ಹಿಡಿಯುವುದು. ಪೀಪ್ ಸೈಟ್ ಎಂದರೆ ಹಿಂದೆ ಸಣ್ಣ ತೂತು, ಮುಂದೆ ಉಂಗುರ. ತೂತಿನಲ್ಲಿ ನೋಡಿ ಗುರಿಯ ಕಪ್ಪನ್ನು ಉಂಗುರದ ನಡುವೆ ಕೂಡಿಸಬೇಕು. ಇದರಲ್ಲಿ ಗುರಿ ಬಹಳ ನಿಖರ. ಅದಕ್ಕೇ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಪೆನ್ನಿನ ತುದಿಯಲ್ಲಿ ಇಟ್ಟ ಚುಕ್ಕೆಯಷ್ಟೇ. ಪಿಸ್ತೂಲಿನ ಗುರಿಯಲ್ಲಿ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್, ಅಂಗಿ ಗುಂಡಿಯಷ್ಟು. “ಹಾಗಾದರೆ ಪಿಸ್ತೂಲೇ ಸುಲಭವಲ್ಲವೇ?” ಎಂದು ನಾನೂ ಕೇಳಿದೆ. ತರಬೇತುದಾರರು ನಕ್ಕರು. “ರೈಫಲ್ ಎರಡು ಕೈ, ಭುಜ, ಕೆನ್ನೆ ಎಲ್ಲಕ್ಕೂ ಆತುಕೊಂಡು ನಿಲ್ಲುತ್ತೆ ಅಮ್ಮ. ಪಿಸ್ತೂಲು ಒಂದೇ ಕೈಯಲ್ಲಿ, ತೋಳು ಚಾಚಿ ಹಿಡೀಬೇಕು. ಇನ್ನೊಂದು ಕೈ ಮುಟ್ಟೋ ಹಾಗೇ ಇಲ್ಲ” ಅಂದರು. ಒಂದು ಕೆ.ಜಿ. ಸಕ್ಕರೆ ಪೊಟ್ಟಣವನ್ನು ಒಂದೇ ಕೈಯಲ್ಲಿ ಮುಂದೆ ಚಾಚಿ ಹಿಡಿದು ಮೂವತ್ತು ಎಣಿಸಿ ನೋಡಿ. ಆಗ ಅವರ ಮಾತು ನಿಮಗೂ ಅರ್ಥವಾಗುತ್ತದೆ.

ರೈಫಲ್‌ನ ಭಾರಕ್ಕೆ ಮಿತಿ ಐದೂವರೆ ಕೆ.ಜಿ. ಪಿಸ್ತೂಲಿಗೆ ಒಂದೂವರೆ ಕೆ.ಜಿ. ಆದರೆ ಪರ್ಸಿನ ಭಾರ ಲೆಕ್ಕ ಹಾಕಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಪೀಪ್ ಸೈಟ್ ರೈಫಲ್‌ನಲ್ಲಿ ಮುಂದೆ ಬರಬೇಕೆಂದರೆ ರೈಫಲ್ ಒಂದೇ ಸಾಲದು. ಬೆನ್ನು, ಸೊಂಟಕ್ಕೆ ಆಸರೆ ಕೊಡುವ ದಪ್ಪ ಬಟ್ಟೆಯ ಜಾಕೆಟ್ಟು, ಅಂಥದೇ ಪ್ಯಾಂಟು, ಚಪ್ಪಟೆ ತಳದ ಬೂಟು, ಕೈಗವಸು ಎಲ್ಲ ಬೇಕು. ಅದಕ್ಕೂ ನಿಯಮವುಂಟು. ಜಾಕೆಟ್ಟಿನ ಬಟ್ಟೆ ಎಷ್ಟು ದಪ್ಪ, ಎಷ್ಟು ಬಿರುಸು ಎಂದು ದೊಡ್ಡ ಸ್ಪರ್ಧೆಗಳಲ್ಲಿ ಯಂತ್ರವಿಟ್ಟು ಅಳೆಯುತ್ತಾರೆ. ಪಿಸ್ತೂಲಿನವರಿಗೆ ಇದಾವುದೂ ಇಲ್ಲ. ಕಣಕಾಲು ಮುಚ್ಚದ ಸಾಧಾರಣ ಬೂಟು ಸಾಕು.

ಹೀಗೆ ವಿಭಾಗಗಳನ್ನು ಮಾಡುವುದಾದರೂ ಏಕೆ? ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗ ಇದನ್ನು ಚೆನ್ನಾಗಿ ವಿವರಿಸಿದ. ಅಲ್ಲಿ ‘ಪ್ರಾಕ್ಟಿಕಲ್ ಪಿಸ್ತೂಲ್’ ಎಂಬ ಆಟವಿದೆ. ನಿಂತಲ್ಲೇ ನಿಲ್ಲದೆ, ಓಡಾಡುತ್ತಾ ಗುರಿಗಳನ್ನು ಹೊಡೆಯಬೇಕು. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ ಫಲಿತಾಂಶ ಹೇಳುತ್ತಾರೆ. ಆ ಆಟದ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ. ಅಲ್ಲೂ ಅಂಗಡಿಯಲ್ಲಿ ಸಿಕ್ಕ ಪಿಸ್ತೂಲನ್ನು ಹೆಚ್ಚು ಬದಲಾಯಿಸದೆ ಆಡುವವರಿಗೆ ‘ಪ್ರೊಡಕ್ಷನ್’, ಗುರಿ ತೋರಿಸುವ ಮಸೂರ, ಕುಲುಕು ತಗ್ಗಿಸುವ ಸಾಧನ ಎಲ್ಲ ಜೋಡಿಸಿಕೊಂಡವರಿಗೆ ‘ಓಪನ್’, ರಿವಾಲ್ವರ್ ಹಿಡಿದವರಿಗೆ ಬೇರೆಯೇ ವಿಭಾಗ. “ಸಮಾನ ಸಾಮಾನು ಇರೋರ ಮಧ್ಯೆ ಸ್ಪರ್ಧೆ ಆಗ್ಲಿ ಅಂತ ಅಷ್ಟೇ ಅಕ್ಕ. ದುಡ್ಡು ಗೆಲ್ಲಬಾರದು, ಕೈ ಗೆಲ್ಲಬೇಕು” ಅಂದ. ಅಲ್ಲಿ ಹೊಸಬರಿಗೆ ಹಳಬರು ಹೇಳುವ ಬುದ್ಧಿಮಾತೂ ಒಂದೇ ಅಂತೆ: ಮೊದಲು ಕೈಲಿರುವುದರಲ್ಲೇ ಆಡಿ, ಆಮೇಲೆ ಕೊಳ್ಳಿ. ನಮ್ಮ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಅಷ್ಟು ದೂರವೂ ಹೋಗಿದೆ ನೋಡಿ!

ಇಷ್ಟೆಲ್ಲ ತಿಳಿದುಕೊಳ್ಳುವ ಹೊತ್ತಿಗೆ ನಮ್ಮನೆಯಲ್ಲಿ ಒಂದು ಇಕ್ಕಟ್ಟು ಬಂತು. 2025ರ ಯುಗಾದಿಯ ಸುಮಾರಿಗೆ, ಮಗಳ ಜೊತೆ ಕಲಿಯುವ ಹುಡುಗಿಯೊಬ್ಬಳಿಗೆ ಹೊಸ ರೈಫಲ್ ಬಂತು. ಬಳಸಿದ ಸಾಮಾನು ಮಾರುವವರೊಬ್ಬರು ರೈಫಲ್, ಜಾಕೆಟ್ಟು, ಪ್ಯಾಂಟು ಸೇರಿಸಿ ಒಂದೂಕಾಲು ಲಕ್ಷಕ್ಕೆ ಕೊಡುತ್ತೇವೆ, ಹದಿನೈದು ದಿನದಲ್ಲಿ ಹೇಳಿ ಎಂದರು. ಅದೇ ತಿಂಗಳು ನನ್ನ ಚೀಟಿ ಎದ್ದಿತ್ತು, ಹೆಚ್ಚುಕಡಿಮೆ ಅಷ್ಟೇ ಹಣ. ಆದರೆ ಆ ಚೀಟಿ ಹಾಕಿದ್ದು ಹಿಂದಿನ ಕೋಣೆಯ ಹೆಂಚು, ತೊಲೆ ಬದಲಾಯಿಸಲು. ಮಳೆ ಬಂದರೆ ಅತ್ತೆಯ ಮಂಚದ ಪಕ್ಕದಲ್ಲೇ ಪಾತ್ರೆ ಇಡಬೇಕು. ನಮ್ಮವರು “ಇನ್ನೊಂದು ಮಳೆಗಾಲ ತಡಕೊಳ್ಳೋಣ ಕಣೇ, ಮಗು ಆಸೆ ಪಟ್ಟಿದೆ” ಅಂದರು. ಅತ್ತೆಯೂ “ನಂದೇನು, ಮಂಚ ಈ ಕಡೆ ಎಳ್ಕೋತೀನಿ” ಅಂದುಬಿಟ್ಟರು. ಮಗಳಿಗೆ ಎಲ್ಲ ಅರ್ಥವಾಗುತ್ತಿತ್ತು. ಒಂದು ರಾತ್ರಿ ಅಡುಗೆಮನೆಗೆ ಬಂದು, “ಅಮ್ಮಾ, ನನ್ನಿಂದ ಅಜ್ಜಿ ನೆನೆಯೋದು ಬೇಡ. ಆಟಾನೇ ಬಿಟ್ಬಿಡ್ತೀನಿ” ಎಂದು ಅತ್ತಳು. ಹೆತ್ತ ಕರುಳಿಗೆ ಹೇಗಾಗಬೇಡ ಹೇಳಿ. ಬಿಡಿಸುವುದೂ ಬೇಡ, ಬೇಕೆಂದದ್ದನ್ನು ಕೊಟ್ಟುಬಿಡುವುದೂ ಬೇಡ, ಮೊದಲು ಅವಳಿಗೆ ಯಾವುದು ಹೊಂದುತ್ತದೆ ತಿಳಿಯೋಣ ಎಂದು ನಿಶ್ಚಯಿಸಿದೆ. ಮರುದಿನ ಅವಳ ಜೊತೆ ನಾನೂ ಬಸ್ಸು ಹತ್ತಿದೆ.

ತರಬೇತುದಾರರು ಅಂದು ಮಾಡಿದ ಒಂದು ಪರೀಕ್ಷೆಯನ್ನು ನೀವೂ ಮನೆಯಲ್ಲೇ ಮಾಡಬಹುದು. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು, ಗೋಡೆಯ ಕ್ಯಾಲೆಂಡರಿನ ಒಂದು ತಾರೀಖನ್ನು ಕಿಂಡಿಯೊಳಗೆ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ತಾರೀಖು ಕಿಂಡಿಯೊಳಗೇ ಉಳಿಯುತ್ತದೋ ಅದೇ ನಿಮ್ಮ ಯಜಮಾನ ಕಣ್ಣು. ನಮ್ಮ ಮಗಳು ಬಲಗೈಯವಳು. ಯಜಮಾನ ಕಣ್ಣು ಮಾತ್ರ ಎಡದ್ದು! ರೈಫಲ್‌ಗೆ ಬಲಕೆನ್ನೆ ಒತ್ತಿ, ಬಲಗಣ್ಣಿನಲ್ಲೇ ತೂತು ನೋಡಬೇಕು. ಎಡಗಣ್ಣಿಗೆ ಮರೆ ಕಟ್ಟಬೇಕು, ಇಲ್ಲವೇ ಎಡಭುಜಕ್ಕೆ ರೈಫಲ್ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕು. ಹಾಗೆ ಕಲಿತು ಮುಂದೆ ಬಂದವರೂ ಇದ್ದಾರೆ. ಪಿಸ್ತೂಲಾದರೆ ಕಣ್ಣಿನಿಂದ ತೋಳುದ್ದ ದೂರ ಇರುತ್ತದೆ. ತಲೆಯನ್ನು ತುಸು ಹೊರಳಿಸಿದರೆ ಎಡಗಣ್ಣಿಗೇ ಗುರಿ ಕೂಡಿಬರುತ್ತದೆ.

ಎರಡನೆಯ ಮಾತು ನನಗೇ ಹೊಳೆಯಿತು, ಹೊಲಿಗೆ ಬಲ್ಲವಳಲ್ಲವೇ! ಹದಿನಾಲ್ಕರ ಹುಡುಗಿ ಇನ್ನೂ ಬೆಳೆಯುತ್ತಾಳೆ. ಲಂಗಕ್ಕಾದರೆ ಮಡಿಕೆ ಬಿಚ್ಚಿ ಉದ್ದ ಮಾಡಬಹುದು. ಮೈಗೆ ಅಂಟಿಕೊಂಡು ನಿಲ್ಲಬೇಕಾದ ಆ ಬಿರುಸು ಜಾಕೆಟ್ಟಿಗೆ ಏನು ಮಾಡೋಣ? ಎರಡು ವರ್ಷಕ್ಕೆ ಬಿಗಿಯಾಗುತ್ತದೆ. ಪಿಸ್ತೂಲಿನಲ್ಲಿ ಅಳತೆಗೆ ಹೊಂದಬೇಕಾದದ್ದು ಮರದ ಹಿಡಿ ಒಂದೇ. ಕೈ ದೊಡ್ಡದಾದರೆ ಹಿಡಿ ಮಾತ್ರ ಬದಲಾಯಿಸಿದರಾಯಿತು.

“ಹಾಗಾದ್ರೆ ಓಪನ್ ಸೈಟ್ ರೈಫಲ್ಲೇ ಸಾಕಲ್ಲ, ಅಗ್ಗ” ಎಂದರು ನಮ್ಮವರು. ಅದೂ ನಿಜವೇ. ದೇಶದಲ್ಲೇ ತಯಾರಾದವು ಸಿಗುತ್ತವೆ, ಹೊಸಬರಿಗೆ ಒಳ್ಳೆಯದು. ಆದರೆ ಒಲಿಂಪಿಕ್ಸ್‌ನಲ್ಲಿ ಓಪನ್ ಸೈಟ್ ರೈಫಲ್ ಸ್ಪರ್ಧೆ ಇಲ್ಲ. ಮೇಲೆ ಹತ್ತಬೇಕಾದವರು ಒಂದಲ್ಲ ಒಂದು ದಿನ ಪೀಪ್ ಸೈಟ್‌ಗೆ, ಜಾಕೆಟ್ಟಿಗೆ ಬರಲೇಬೇಕು. ಪಿಸ್ತೂಲಿನಲ್ಲಿ ಶಾಲೆಯ ಸ್ಪರ್ಧೆಯಿಂದ ಒಲಿಂಪಿಕ್ಸ್‌ವರೆಗೂ ಕಚ್ಚು, ಮೊಳೆಯ ಸೈಟೇ.

ಇಷ್ಟನ್ನೂ ಮಗಳ ಮುಂದಿಟ್ಟು, ಎರಡು ವಾರ ಎರಡರಲ್ಲೂ ಹೊಡೆದು ನೋಡು, ನೀನೇ ಹೇಳು ಎಂದೆ. ರೈಫಲ್‌ನಲ್ಲಿ ಅಂಕ ಬೇಗ ಬಂತು. ಪಿಸ್ತೂಲಿನಲ್ಲಿ ಕೈ ನಡುಗಿ ಗುಂಡು ಎಲ್ಲೆಲ್ಲೋ ಹೋಯಿತು. ಆದರೂ ಹದಿನಾಲ್ಕನೆಯ ದಿನ ಬಂದು, “ಅಮ್ಮಾ, ರೈಫಲ್ ಚೆನ್ನಾಗಿದೆ. ಆದ್ರೆ ಪಿಸ್ತೂಲು ಹಿಡಿದಾಗ ಬೇರೇನೂ ನೆನಪಾಗಲ್ಲ” ಅಂದಳು. ಅಷ್ಟು ಸಾಕಾಯಿತು ನನಗೆ. ಅವಳೀಗ ತರಬೇತಿ ಶಾಲೆಯ ಪಿಸ್ತೂಲಿನಲ್ಲೇ ಅಭ್ಯಾಸ ಮಾಡುತ್ತಾಳೆ. ಗುಂಡಿನ ಡಬ್ಬಿ, ಫೀಸು, ಬಸ್ ಚಾರ್ಜು ನಮ್ಮದು. ಒಳ್ಳೆಯ ಆಮದು ಪಿಸ್ತೂಲಿಗೂ ಲಕ್ಷದ ಮೇಲೇ ಆಗುತ್ತದೆ. ಅದನ್ನು ಅವಳ ಎಸ್.ಎಸ್.ಎಲ್.ಸಿ. ಮುಗಿದ ಮೇಲೆ, ಅಷ್ಟರಲ್ಲಿ ಅವಳ ಅಂಕ ಎಲ್ಲಿಗೆ ಬಂದಿದೆ ನೋಡಿ ಯೋಚಿಸುವುದೆಂದು ನಿಶ್ಚಯವಾಗಿದೆ. ಅವಳೂ ಒಪ್ಪಿದ್ದಾಳೆ. ಹೆಂಚು ಬದಲಾಯಿತು, ಅತ್ತೆಯ ಮಂಚ ಇದ್ದಲ್ಲೇ ಇದೆ. ಮೊದಲ ಸ್ಪರ್ಧೆಯಲ್ಲಿ ಅರವತ್ತು ಗುಂಡಿಗೆ ಆರುನೂರರಲ್ಲಿ 487 ಬಂತು. ಪದಕವೇನೂ ಇಲ್ಲ. ಆದರೆ ಒಂದೂಕಾಲು ಗಂಟೆ ಒಂದೇ ಕಡೆ ನಿಂತು ಮನಸ್ಸು ಕದಲಿಸದೆ ಆಡಿದಳಲ್ಲ, ಅದೇನು ಸಾಮಾನ್ಯವೇ?

ನಿಮ್ಮ ಮನೆಯಲ್ಲೂ ಈ ಮಾತು ಬಂದರೆ ಒಂದೆರಡು ಕಿವಿಮಾತು. ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ, ತರಬೇತಿ ಶಾಲೆಯದೇ ಬಳಸಲಿ. ಬಳಸಿದ್ದನ್ನು ಕೊಳ್ಳುವುದಾದರೆ ಗಾಳಿ ತುಂಬುವ ಸಿಲಿಂಡರಿನ ಮೇಲಿನ ತಾರೀಖು ನೋಡಿ, ಹತ್ತು ವರ್ಷ ಮೀರಿದ್ದರೆ ಅದು ಬೇಡ. ಹತ್ತು ಮೀಟರಿನ ಗಾಳಿ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ, ಆದರೆ ಅದು ಆಟಿಗೆಯಲ್ಲ. ಗುಂಡು ತುಂಬಿರಲಿ, ಬಿಡಲಿ, ಅದರ ಬಾಯಿ ಯಾರ ಕಡೆಗೂ ತಿರುಗಬಾರದು. ಮನೆಗೆ ತಂದರೆ ಬೀಗದೊಳಗೇ ಇರಬೇಕು. ಗುಂಡು ಸೀಸದ್ದಾದ್ದರಿಂದ ಅಭ್ಯಾಸ ಮುಗಿದೊಡನೆ ಸೋಪಿನಿಂದ ಕೈ ತೊಳೆದೇ ತಿಂಡಿ ಡಬ್ಬಿ ತೆರೆಯಬೇಕು. ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪಿಸ್ತೂಲ್ ತಂಡದಲ್ಲಿ ಬೆಳ್ಳಿ ಗೆದ್ದರು, 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ರೈಫಲ್‌ನಲ್ಲಿ. ದಾರಿ ಎರಡೂ ಒಳ್ಳೆಯವೇ. ಪಕ್ಕದ ಮನೆಯ ಮಗು ಹಿಡಿದದ್ದನ್ನು ನೋಡಿ ಆರಿಸಬೇಡಿ. ನಿಮ್ಮ ಮಗುವಿನ ಕಣ್ಣು, ಕೈ, ಮನಸ್ಸು, ಜೊತೆಗೆ ನಿಮ್ಮ ಮನೆಯ ಲೆಕ್ಕದ ಪುಸ್ತಕ, ಈ ನಾಲ್ಕನ್ನೂ ಕೇಳಿ ಆರಿಸಿ. ಏನಂತೀರಿ?