ತಿರುವಿನಲ್ಲಿ ಕೈಬಿಡದ ರೆಕ್ಕೆ

ಸೋದರಿಯರೇ, ಐವತ್ತೆರಡರ ಹೆಂಗಸೊಬ್ಬಳು ಗಾಳಿಪಟ ಹಿಡಿದು ನೀರಿನ ಮೇಲೆ ತೇಲಿಕೊಂಡು ಹೋಗ್ತಾಳೆ ಅಂದರೆ ನಿಮಗೆ ನಗು ಬರಬಹುದು. ನಗಿ, ಬೇಜಾರಿಲ್ಲ. ನಗುತ್ತಲೇ ಇದನ್ನಿಷ್ಟು ಓದಿಬಿಡಿ.

ನಾವಿರುವುದು ಆಸ್ಟ್ರೇಲಿಯದ ಪರ್ತ್‌ನಲ್ಲಿ. ಬೇಸಿಗೆಯ ಮಧ್ಯಾಹ್ನ ಸಮುದ್ರದ ಕಡೆಯಿಂದ ತಂಪು ಗಾಳಿ ಏಳುತ್ತದೆ. ಸೆಕೆಯಲ್ಲಿ ಬೆಂದ ಊರಿಗೆ ಮದ್ದು ಕೊಡುವುದರಿಂದ ಇಲ್ಲಿಯವರು ಅದನ್ನು ‘ಫ್ರೀಮ್ಯಾಂಟಲ್ ಡಾಕ್ಟರ್’ ಅಂತ ಕರೆಯುತ್ತಾರೆ. ಅಡುಗೆಮನೆ ಒರೆಸಿಟ್ಟು ಸ್ವಾನ್ ನದಿಯ ದಡಕ್ಕೆ ಹೋದರೆ ಆಕಾಶದ ತುಂಬ ಬಣ್ಣಬಣ್ಣದ ಪಟಗಳು.

ಪಟದ ದಾರವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಹಲಗೆಯ ಮೇಲೆ ನಿಂತರೆ ಗಾಳಿ ಎಳೆದುಕೊಂಡು ಹೋಗುತ್ತೆ. ಹಲಗೆಯ ಕೆಳಗೆ ಮುಕ್ಕಾಲು ಮೀಟರಿನ ಒಂದು ಕಂಬ. ಅದರ ತುದಿಗೆ ಆಟದ ವಿಮಾನದಂಥ ಸಾಧನ, ಮುಂದೆ ದೊಡ್ಡ ರೆಕ್ಕೆ, ಹಿಂದೆ ಚಿಕ್ಕದು. ಇದೇ ಹೈಡ್ರೋಫಾಯಿಲ್. ಓಡುವ ಬಸ್ಸಿನ ಕಿಟಕಿಯಾಚೆ ಕೈ ಚಾಚಿ ಅಂಗೈಯನ್ನು ಕೊಂಚ ಓರೆ ಮಾಡಿದರೆ ಕೈ ತಾನಾಗಿ ಏಳುತ್ತದಲ್ಲ (ಮಕ್ಕಳು ಮಾಡಿದರೆ ಗದರುತ್ತೇವೆ, ಇರಲಿ), ನೀರೊಳಗಿನ ರೆಕ್ಕೆಯದೂ ಅದೇ ಕೆಲಸ. ವೇಗ ಬಂದರೆ ಹಲಗೆ ನೀರು ಬಿಟ್ಟು ಮೇಲೇಳುತ್ತೆ. ಆಮೇಲೆ ಕುಲುಕಾಟವೇ ಇಲ್ಲ. ಮಂಡಿ ಸವೆದ ನನ್ನಂಥವಳಿಗೆ ಇದಕ್ಕಿಂತ ಸುಖ ಬೇರೆ ಏನು ಹೇಳಿ!

ಪೇಚು ಇರುವುದು ತಿರುಗಿ ಬರುವಾಗ. ತಿರುವಿನಲ್ಲಿ ಒಂದು ಗಳಿಗೆ ನಾವು ಪಟದ ಕಡೆಗೇ ಹೋಗುತ್ತೇವೆ. ದಾರ ಸಡಿಲ, ಎಳೆತ ಕಡಿಮೆ, ವೇಗ ಇಳೀತು ಅಂತಲೇ ಲೆಕ್ಕ. ವೇಗ ಅರ್ಧಕ್ಕಿಳಿದರೆ ರೆಕ್ಕೆ ಎತ್ತುವ ಬಲ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಚಿಕ್ಕ ರೆಕ್ಕೆಯಾದರೆ ಅಲ್ಲೇ ದೊಪ್ಪನೆ ನೀರಿಗೆ. ಬಿದ್ದಷ್ಟು ಸಲವೂ ಎದ್ದು ನಿಲ್ಲುವುದರಲ್ಲಿ ಮಂಡಿ ಚೀರುತ್ತೆ. “ಇನ್ನು ಸಾಕು ಮಾಡೇ” ಅಂತ ನಮ್ಮೆಜಮಾನರು ಶುರು ಮಾಡಿದ್ದರು. ಮನಸ್ಸಿನಲ್ಲಿ ನನಗೂ ಅದೇ ಹೆದರಿಕೆ. ಬಿಡಬೇಕೇನೋ ಅಂತ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದರ ಪಂದ್ಯ ಮಾರ್ಸೇಯಲ್ಲಿ ನಡೆದು, ಹೆಂಗಸರ ಚಿನ್ನ ಬ್ರಿಟನ್ನಿನ ಎಲ್ಲೀ ಆಲ್ಡ್ರಿಜ್‌ಗೆ ಬಂತು. ದಡದ ಹುಡುಗರಿಗೆಲ್ಲ ಅಂಥ ತೆಳ್ಳನೆಯ, ಕತ್ತಿಯಂಥ ರೆಕ್ಕೆಯ ಹುಚ್ಚು. “ನೀವೂ ಅಂಥದ್ದೇ ತಗೊಳ್ಳಿ ಆಂಟಿ” ಅಂದರು. ಕೊಳ್ಳುವ ಮೊದಲು ನಾನು ಮೂರು ರೆಕ್ಕೆಗಳನ್ನು ಕೈಗಡ ತಂದೆ.

600 ಚದರ ಸೆಂ.ಮೀ.ನದು ಬಾಣ, ತಿರುವಿನಲ್ಲಿ ಮಾತ್ರ ಕ್ಷಮೆಯೇ ಇಲ್ಲ. 1600ರದು ಕಡಿಮೆ ವೇಗಕ್ಕೂ ಏಳುತ್ತೆ, ಆದರೆ ಗಾಳಿ ಜೋರಾದರೆ ಕೆಳಗಿಳಿಯಲೊಲ್ಲದು, ಮುಂಗಾಲು ಒತ್ತಿ ಒತ್ತಿ ತೊಡೆ ನಡುಗಿತು. 62 ಕಿಲೋ ತೂಕದ ನನಗೆ 1100ರದು ಹದವಾಗಿ ಕೂತಿತು. ತಿರುವಿನ ನಡುವೆ ನಿಧಾನವಾದರೂ ಕೈಬಿಡದೆ ಎತ್ತಿ ಹಿಡಿಯಿತು. ಮೊದಲ ಸಲ ಬೀಳದೆ ಸುತ್ತಿ ಬಂದಾಗ ನೀರಿನ ಮೇಲೇ ಒಬ್ಬಳೇ ಗಟ್ಟಿಯಾಗಿ ನಕ್ಕೆ.

ವಿಸ್ತೀರ್ಣವೊಂದನ್ನೇ ನೋಡಿದರೆ ಸಾಲದು. ರವಿಕೆ ಬಟ್ಟೆಯ ಹಾಗೆ, ಅಳತೆ ಅಷ್ಟೇ ಇದ್ದರೂ ಅಗಲ ಬೇರೆಯಾದರೆ ಹೊಲಿಗೆಯೇ ಬೇರೆ. ಉದ್ದಕ್ಕೆ, ತೆಳ್ಳಗೆ ಇರುವ ರೆಕ್ಕೆ ಕಡಿಮೆ ಎಳೆತಕ್ಕೇ ದೂರ ಜಾರುತ್ತೆ, ಆದರೆ ಬೇಗ ಓರೆಯಾಗದು; ಹೆಚ್ಚು ಓರೆ ಮಾಡಿದರೆ ಅದರ ತುದಿ ನೀರಿನಾಚೆ ಬಂದು ಪಕ್ಕಕ್ಕೆ ಜಾರಿಸುತ್ತೆ. ಗಿಡ್ಡಕ್ಕೆ ಮೊರದ ಹಾಗೆ ಅಗಲವಾಗಿರುವುದು ಸೊಂಟ ತಿರುಗಿಸಿದರೆ ಸಾಕು, ತಾನೂ ತಿರುಗುತ್ತೆ. ನೀರನ್ನು ಮಾತ್ರ ಸ್ವಲ್ಪ ಹೆಚ್ಚು ತಳ್ಳುತ್ತೆ. ನನ್ನದು ತುದಿಯಿಂದ ತುದಿಗೆ 75 ಸೆಂ.ಮೀ. 75ನ್ನು 75ರಿಂದ ಗುಣಿಸಿ 1100ರಿಂದ ಭಾಗಿಸಿದರೆ ಸುಮಾರು 5. ಈ ಅಂಕಿ 8, 9 ಆಯಿತೆಂದರೆ ಉದ್ದರೆಕ್ಕೆ. ಆರಾಮಾಗಿ ಸುತ್ತಾಡುವವರಿಗೆ 5ರ ಆಸುಪಾಸೇ ಸರಿ ಅನ್ನೋದು ನನ್ನ ಮತ. ಹುಡುಗರು ಒಪ್ಪಲ್ಲ, ಅವರ ಮಂಡಿ ಅವರದು.

ಮಗನೋ ಸೊಸೆಯೋ ಪರದೇಶದಲ್ಲಿದ್ದು ಇದನ್ನು ಮನೆಗೆ ತಂದರೆ ಒಂದು ಮಾತು ಹೇಳಿ. ರೆಕ್ಕೆಯ ಹಿಂದಿನ ಅಂಚು ಈಳಿಗೆಯಷ್ಟೇ ಹರಿತವಿರುತ್ತೆ. ನಾನು ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಚೀಲ ಹೊಲಿದಿಟ್ಟಿದ್ದೇನೆ. ಸ್ವಾನ್ ನದಿ ಇಲ್ಲಿ ಉಪ್ಪುನೀರು. ಬಂದಕೂಡಲೇ ಸಿಹಿನೀರಲ್ಲಿ ತೊಳೆದು ತಿರುಪುಗಳನ್ನು ಸಡಿಲಿಸಿಡದಿದ್ದರೆ ಆಮೇಲೆ ಬಿಚ್ಚಲು ಯಾರಿಂದಲೂ ಆಗೋದಿಲ್ಲ.